ಹಿಂದಿನಿಂದ ಕಂಡ ತಲೆ

ಬೆಳಿಗ್ಗೆ ಎಂಟಕ್ಕೆ ಮೆರನ್ ಸಲೂನಿನ ಬೀಗ ತೆಗೆಯುತ್ತಿದ್ದಾಗ ಬೆನ್ನ ಹಿಂದೆ ಧಡಾರೆಂದು ಸದ್ದಾಯಿತು. ತಿರುಗಿ ನೋಡಿದರೆ ಆರ್ಚಿ ಮುದುಕ ರಸ್ತೆಯಲ್ಲಿ ಬಿದ್ದಿದ್ದ, ಅವನ ಸೈಕಲ್ಲು ಅಂಚೆ ಕಚೇರಿಯ ಮೆಟ್ಟಿಲ ಹತ್ತಿರ. ಗುದ್ದಿದ ಬಿಳಿ ಪಿಕಪ್ ಒಂದು ಕ್ಷಣ ನಿಂತಿತು, ಆಮೇಲೆ ಬಂದರಿನ ಕಡೆ ಹೊರಟೇಹೋಯಿತು. ನಂಬರು ಕಾಣಲಿಲ್ಲ. ಹಿಂದಿನ ಗಾಜಿನಲ್ಲಿ ಓಡಿಸುವವನ ತಲೆ ಮಾತ್ರ ಕಂಡಿತು.

ಅವಳಿಗೆ ಅಷ್ಟು ಸಾಕಿತ್ತು. ಆ ತಲೆಯನ್ನು ಮಂಗಳವಾರ ಅವಳೇ ಕತ್ತರಿಸಿದ್ದಳು. ಸುತ್ತಲೂ ಮಷೀನು ಹೊಡೆದು ಸಣ್ಣಗೆ ಮಾಡಿ, ಕತ್ತಿನ ಹತ್ತಿರ ಬೆರಳು ದಪ್ಪದ ಒಂದೇ ಒಂದು ಜಡೆ ಉಳಿಸಿದ್ದಳು. ಇಂಗ್ಲಿಷಿನಲ್ಲಿ ಅದಕ್ಕೆ ರ‍್ಯಾಟ್ ಟೇಲ್ ಅನ್ನುತ್ತಾರೆ, ಇಲಿಬಾಲ. ಟಾರ್ಲಿ ಬೇ ಎಂಬ ಆ ಬಂದರೂರಿನಲ್ಲಿ ಈಗ ಇಲಿಬಾಲ ಇದ್ದದ್ದು ಒಬ್ಬನಿಗೇ, ರೀಸ್‌ಗೆ. ಪಕ್ಕದ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಜೊತೆ ಕೆಲಸ ಮಾಡುತ್ತಿರುವ ಗ್ಲೆನಿಸ್‌ಳ ಮಗ.

ಆಂಬುಲೆನ್ಸಿಗೆ ಫೋನು ಮಾಡಿದ್ದು ಮೆರನ್. ಆರ್ಚಿಯ ತಲೆಯ ಕೆಳಗೆ ಟವೆಲು ಇಟ್ಟಿದ್ದೂ ಅವಳೇ. ಆದರೆ ಒಂಬತ್ತಕ್ಕೆ ಗ್ಲೆನಿಸ್ ಬಂದು, "ಅಯ್ಯೋ ದೇವರೇ, ಯಾವನೇ ಅವನು? ನಿಂಗೇನಾದ್ರೂ ಕಾಣ್ತಾ?" ಎಂದು ಕೇಳಿದಾಗ ಅವಳು, "ಬಿಳಿ ಗಾಡಿ, ಅಷ್ಟೇ" ಎಂದಳು. ಹುಡುಗ ತಾನಾಗೇ ಸ್ಟೇಷನ್ನಿಗೆ ಹೋಗುತ್ತಾನೆ, ಸಂಜೆಯವರೆಗೆ ನೋಡೋಣ ಎಂದುಕೊಂಡಳು.

ಹತ್ತೂವರೆಗೆ ಸುದ್ದಿ ಬಂತು. ಪೊಲೀಸರು ಸೆಮಿಸಿಯನ್ನು ಹಿಡಿದಿದ್ದರು. ಟೋಂಗಾ ದ್ವೀಪದಿಂದ ಬಂದು ಬಂದರಿನ ಸಿಂಪಿ ಶೆಡ್ಡಿನಲ್ಲಿ ಕಡಲ ಚಿಪ್ಪು ತೆರೆಯುವವನು, ಬೆನ್ನುದ್ದ ಕೂದಲಿನವನು. ಬೇಕರಿಯವಳು "ಓಡಿಸ್ತಿದ್ದೋನಿಗೆ ಹಿಂದೆ ಉದ್ದ ಕೂದಲಿತ್ತು" ಎಂದಿದ್ದಳಂತೆ. ಸೆಮಿಸಿ ಓಡಿಸುವುದೂ ಶೆಡ್ಡಿನ ಬಿಳಿ ಪಿಕಪ್ಪೇ.

ಮೆರನ್‌ಳ ಕತ್ತರಿ ಗಿರಾಕಿಯ ಕಿವಿಯ ಹತ್ತಿರ ತಪ್ಪಿತು. "ಅಯ್ಯೋ!" ಎಂದು ಗಿರಾಕಿ ಹಾರಿಬಿದ್ದಳು. ಆಗಲೂ ಮೆರನ್ ಸ್ಟೇಷನ್ನಿಗೆ ಫೋನು ಮಾಡಲಿಲ್ಲ.

ಮೂರೂವರೆಗೆ ಕಾನ್‌ಸ್ಟೇಬಲ್ ಗಾಹನ್ ಸಲೂನಿಗೇ ಬಂದ. ಪಟ್ಟಣದಿಂದ ಹೊಸದಾಗಿ ಬಂದ ಹುಡುಗ. ಗ್ಲೆನಿಸ್ ಒಬ್ಬ ಮುದುಕಿಯ ಕೂದಲಿಗೆ ರೋಲರ್ ಸುತ್ತುತ್ತಿದ್ದಳು.

"ಆರ್ಚಿಗೆ ಆಪರೇಷನ್ ನಡೀತಿದೆ" ಎಂದ ಗಾಹನ್. "ಬದುಕ್ತಾರೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ ಅಂದ್ರು. ನೀವು ಕಂಡಿದ್ದನ್ನ ಹೇಳಿ. ಕೂದಲು ಹೇಗಿತ್ತು? ಇಲ್ಲಿ ನಾಲ್ಕೇ ಇದೆ: ಗಿಡ್ಡ, ಮಧ್ಯಮ, ಉದ್ದ, ಬೋಳು."

"ನಾಲ್ಕೇನಾ?" ಮೆರನ್‌ಗೆ ಆ ಸಂಕಟದಲ್ಲೂ ಸಿಟ್ಟು ಬಂತು. "ಬಾಬ್ ಇದೆ, ಪಿಕ್ಸಿ ಇದೆ, ಬಜ್ ಕಟ್ ಇದೆ. ಒಂದೊಂದಕ್ಕೂ ಒಂದೊಂದು ಹೆಸರಿದೆ ಕಣಪ್ಪ."

"ಹಾಗಾದ್ರೆ ಹೆಸರೇ ಹೇಳಿ, ಬರ್ಕೋತೀನಿ."

ಕನ್ನಡಿಯಲ್ಲಿ ಗ್ಲೆನಿಸ್‌ಳ ಮುಖ ಕಾಣುತ್ತಿತ್ತು. ಒಂದು ಸುಳ್ಳು ಸುಲಭವಾಗಿ ಸಿಕ್ಕಿತು. ಮುಂದೆ ಗಿಡ್ಡ, ಹಿಂದೆ ಉದ್ದ ಬಿಡುವ ಮಲೆಟ್ ಊರಿನ ನಲವತ್ತು ಗಂಡಸರಿಗೆ ಇದೆ, ಫುಟ್ಬಾಲ್ ತಂಡಕ್ಕೆ ತಂಡವೇ ಅದನ್ನು ಇಟ್ಟುಕೊಂಡಿದೆ. ಹಾಗಂದರೆ ಸೆಮಿಸಿಯೂ ಪಾರು, ರೀಸ್‌ನೂ ಪಾರು.

"ಮಲೆಟ್" ಎಂದಳು.

ಗಾಹನ್ ಬರೆದುಕೊಂಡ. ಆಮೇಲೆ ಪೆನ್ನನ್ನು ತುಟಿಗೆ ಒತ್ತಿ, "ಸೆಮಿಸಿ ಜುಟ್ಟು ಬಿಚ್ಚಿ ಬಿಟ್ರೆ ಹಿಂದಿನಿಂದ ಹಾಗೇ ಕಾಣುತ್ತಲ್ವಾ? ಬೇಕರಿಯವ್ರು ಹೇಳಿದ್ದಕ್ಕೂ ಹೊಂದುತ್ತೆ. ಇಲ್ಲಿ ಒಂದು ಸಹಿ ಹಾಕಿಬಿಡಿ" ಎಂದ.

ಮೆರನ್ ಪೆನ್ನು ಹಿಡಿದಳು. "ಅವನ ಕೂದಲು ದಟ್ಟ. ಇದು... ಇದು ದಟ್ಟ ಅಲ್ಲ."

"ತೆಳು ಮಲೆಟ್ಟಾ?"

"ಅಲ್ಲ..."

"ಮತ್ತೆ? ಮಲೆಟ್ ಹೌದೋ ಅಲ್ವೋ?"

ರೋಲರ್ ಸುತ್ತುತ್ತಿದ್ದ ಕೈ ನಿಂತಿತು. "ಮೆರನ್" ಎಂದಳು ಗ್ಲೆನಿಸ್, ತಿರುಗದೆ. "ಸುತ್ತ ಎಷ್ಟು ಉದ್ದ ಇತ್ತು?"

ಮೆರನ್ ಪೆನ್ನನ್ನು ಕಾಗದದ ಮೇಲಿಟ್ಟಳು.

"ನಿನ್ನೇ ಕೇಳ್ತಿರೋದು ಕಣೇ. ಸುತ್ತ ಮಷೀನು ಹೊಡೆದಿತ್ತಾ?"

"ಹೂಂ."

"ಹಿಂದೆ ಹೆಣೆದಿತ್ತಾ?"

ಮೆರನ್ ಅಳಲು ಶುರುಮಾಡಿದಳು. ಗ್ಲೆನಿಸ್ ಬಾಚಣಿಗೆ ಕೆಳಗಿಟ್ಟು ಕಾನ್‌ಸ್ಟೇಬಲನ ಕಡೆ ತಿರುಗಿದಳು.

"ರ‍್ಯಾಟ್ ಟೇಲ್ ಅಂತ ಬರ್ಕೊಳಪ್ಪ. ನನ್ ಮಗ ರೀಸ್. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ತನ್ನ ಧಣಿಯ ಬಿಳಿ ಪಿಕಪ್ ತೊಳೀತಿದ್ದ. ಹುಟ್ಟಿದಾಗಿನಿಂದ ತಾನು ತಿಂದ ತಟ್ಟೆ ತೊಳೆದೋನಲ್ಲ. ಏನೋ ನಡೆದಿದೆ ಅಂತ ಆಗ್ಲೇ ಅನ್ನಿಸ್ತು. ಕೇಳಕ್ಕೆ ಧೈರ್ಯ ಬರ್ಲಿಲ್ಲ." ಏಪ್ರನ್ನಿನ ಗಂಟು ಬಿಚ್ಚಲು ಹೋದಳು, ಬರಲಿಲ್ಲ. "ಮನೇಲಿದಾನೆ. ನಾನೂ ಬರ್ತೀನಿ, ನೀನೊಬ್ನೇ ಹೋಗ್ಬೇಡ. ಹೆದರಿ ಎಲ್ಲಿಗಾದ್ರೂ ಓಡ್ತಾನೆ."

ಏಪ್ರನ್ನಿನಲ್ಲೇ ಪೊಲೀಸ್ ಕಾರು ಹತ್ತಿದಳು. ಮುದುಕಿಯ ತಲೆಯಲ್ಲಿ ಅರ್ಧ ರೋಲರ್ ಉಳಿದಿತ್ತು. ಮಿಕ್ಕರ್ಧ ಮೆರನ್ ಸುತ್ತಿದಳು.

ರೀಸ್ ಓಡಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದನಂತೆ. ಅಮ್ಮನನ್ನು ಕಂಡೊಡನೆ, "ನಿಲ್ಲಿಸಿದೆ ಅಮ್ಮಾ, ನಿಜವಾಗ್ಲೂ ನಿಲ್ಲಿಸಿದೆ. ಇಳಿಯಕ್ಕಾಗ್ಲಿಲ್ಲ" ಎಂದನಂತೆ. ಆರ್ಚಿ ಬದುಕಿದ. ಸೊಂಟದ ಮೂಳೆಗೆ ಕಬ್ಬಿಣ ಹಾಕಿದರು, ಸೈಕಲ್ಲು ತುಳಿಯುವುದು ಮುಗಿಯಿತು. ರೀಸ್‌ಗೆ ಮುಂದೆ ಕೋರ್ಟಿನಲ್ಲಿ ಏಳು ತಿಂಗಳ ಜೈಲಾಯಿತು.

ಗ್ಲೆನಿಸ್ ಅಪಘಾತವಾಗಿ ಎರಡು ವಾರದ ಮೇಲೆ ಕೆಲಸಕ್ಕೆ ಬಂದಳು. ಮಧ್ಯಾಹ್ನ ನೆಲ ಗುಡಿಸುತ್ತಾ, "ಆವತ್ತು ಸುಳ್ಳು ಹೇಳಿದ್ಯಲ್ಲ, ನಂಗೋಸ್ಕರನಾ?" ಎಂದಳು.

"ಹೂಂ."

"ಇನ್ಮೇಲೆ ನಂಗೋಸ್ಕರ ಅಂಥದ್ದೇನೂ ಮಾಡ್ಬೇಡ. ಸೆಮಿಸಿ ಏನಾದ್ರೂ ಒಳಗೆ ಹೋಗಿದ್ರೆ ನಾವಿಬ್ರೂ ಹೇಗೆ ನಿದ್ದೆ ಮಾಡ್ತಿದ್ವಿ?"

ಆ ಭಾನುವಾರ ಮೆರನ್ ಸಿಂಪಿ ಶೆಡ್ಡಿಗೆ ಹೋದಳು. ಸೆಮಿಸಿ ಕೈಗವಸು ಹಾಕಿಕೊಂಡು ಚಿಪ್ಪು ತೆರೆಯುತ್ತಿದ್ದ. ಅವಳು ತಪ್ಪಾಯಿತು ಎಂದಳು, ನಡೆದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ನೀವು ನೋಡಿದ್ದು ಬೆಳಿಗ್ಗೆ ಎಂಟಕ್ಕೆ" ಎಂದ. "ನನ್ನ ಬಿಟ್ಟಿದ್ದು ಸಂಜೆ ಐದಕ್ಕೆ, ಅಕ್ಕಾ."

ಅವನು ಇನ್ನೊಂದು ಸಿಂಪಿ ಎತ್ತಿಕೊಂಡು, ಸಂದಿಗೆ ಚಾಕು ತೂರಿಸಿ ತಿರುಗಿಸಿದ. ಮೆರನ್ ಮನೆಗೆ ನಡೆದಳು.