ಸಣ್ಣಗೆ ನಡೆಯುವ ಸದ್ದು

"ಈಗ ಕೇಳು, ಎಷ್ಟ ಸಣ್ಣಗ ನಡದೈತಿ!" ಎಂದ ಮುರ್ತುಜಾಸಾಬ, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ.

ಇಂಜಿನ್ ಆಗಲೇ ನಿಂತುಹೋಗಿತ್ತು.

ಜೈತುನಬಿ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. ಗಂಡ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. ಆದರೆ ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಮಲಗಿದ ಕೂಸಿನ ಉಸಿರು ಆಲಿಸುವವನ ಸಮಾಧಾನವಿತ್ತು.

"ಬಂದ್ ಆಗೇತ್ರಿ," ಎಂದಳು. ಅವನು ಕಣ್ಣು ತೆರೆಯಲಿಲ್ಲ. ಹತ್ತಿರ ಹೋಗಿ ತೋಳು ಮುಟ್ಟಿದಳು. "ಸಗೀರಾನ ಅಬ್ಬಾ, ಇಂಜಿನ್ ಬಂದ್ ಆಗೇತಿ."

ಅವನು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ನೋಡಿದ. ಹೊಗೆ ಇರಲಿಲ್ಲ. "ಗೊತ್ತೈತಿ ನನಗ," ಎಂದು ನಟ್ಟು ಬಿಚ್ಚುವ ಪಾನಾ ಹುಡುಕತೊಡಗಿದ. ಪಾನಾ ಅವನ ಕೈಯಲ್ಲೇ ಇತ್ತು.

ಸಿಂದಗಿಯಲ್ಲಿ ಮುರ್ತುಜಾಸಾಬನ ಕಿವಿಗೆ ಹೆಸರಿತ್ತು. ಹಾದಿಯಲ್ಲಿ ನಿಂತೇ ಆಚೆ ಓಣಿಯ ಹಿಟ್ಟಿನ ಗಿರಣಿಯ ಸದ್ದು ಕೇಳಿ ಬೇರಿಂಗ್ ಸವೆದದ್ದನ್ನು ಹೇಳುತ್ತಿದ್ದ. ಜನ ಇಂಜಿನ್ ತರುತ್ತಿದ್ದದ್ದು ಆ ಕಿವಿಯನ್ನು ನಂಬಿ. ದನದ ಡಾಕ್ಟರ್ ಗುರುರಾಜರು ತಮ್ಮ ಈ ಫಟಫಟಿ ಬೈಕು ಬಿಟ್ಟುಹೋಗಿದ್ದೂ ಹಾಗೆಯೇ. ಇಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದ್ದಾಗಿತ್ತು. ಜೋರಾಗಿ ಓಡಿಸಿದರೆ ಹುಲಿಯಂತೆ ಓಡುತ್ತಿತ್ತು. ಸಣ್ಣಗೆ ಮಾಡಿದ ಕೂಡಲೇ ಬಿಕ್ಕಳಿಸಿ, ತೊದಲಿ, ಆರಿಬಿಡುತ್ತಿತ್ತು. ಸಂಜೆ ಡಾಕ್ಟರು ಬರುವವರು. ಸರಿಯಾಗಿರದಿದ್ದರೆ ವಿಜಾಪುರಕ್ಕೆ ಒಯ್ಯುವುದಾಗಿ ಹೇಳಿಕಳಿಸಿದ್ದರು.

ಜೈತುನಬಿ ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಮನಸ್ಸು ಹೊರಗೇ ಇತ್ತು. ಇತ್ತೀಚೆಗೆ ಅವನು ಎಲ್ಲ ಮಾತನ್ನೂ ಎರಡು ಸಲ ಹೇಳಿಸುತ್ತಿದ್ದದ್ದು ನೆನಪಾಯಿತು. ವಯಸ್ಸಿಗೆ ಬಂದ ಹಟ ಎಂದುಕೊಂಡಿದ್ದಳು. ಈಗ ಪರೀಕ್ಷಿಸಿ ನೋಡುವ ಮನಸ್ಸಾಯಿತು. ತಾಟಿನಲ್ಲಿ ರೊಟ್ಟಿ ಒಯ್ದು ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಉಣ್ತೀರೇನ್ರಿ?" ಎಂದಳು. ತಿರುಗಲಿಲ್ಲ. ಖಾಲಿ ಡಬ್ಬಿಯೊಂದನ್ನು ನೆಲಕ್ಕೆ ಬೀಳಿಸಿದಳು. ತಟ್ಟನೆ ತಿರುಗಿದ. ದೊಡ್ಡದು ಕೇಳುತ್ತದೆ, ಸಣ್ಣದು ಕೇಳುವುದಿಲ್ಲ.

ಅವಳಿಗೆ ಗೊತ್ತಾಯಿತೆಂದು ಅವಳ ಮುಖ ನೋಡಿ ಅವನಿಗೂ ತಿಳಿಯಿತು.

"ಹತ್ತಿ ಗಿರಣ್ಯಾಗ, ಆ ಗದ್ದಲದಾಗ, ಇಪ್ಪತ್ತ ವರ್ಷ ತಲಿ ಇಟ್ಟಿದ್ದೆ ನೋಡು," ಎಂದ, ರೊಟ್ಟಿ ಮುರಿಯುತ್ತ. "ಯಾರ ಮುಂದೂ ಅನಬ್ಯಾಡ. ಕಿವಿ ಇಲ್ಲದ ಮಿಸ್ತ್ರಿ ಅಂದ್ರ ನಮ್ಮ ಬಾಗ್ಲಿಗೆ ಯಾರ ಬರ್ತಾರ?"

ಜೈತುನಬಿ ಇಂಜಿನ್ನಿನ ಹತ್ತಿರ ಕುಳಿತಳು. "ಚಾಲೂ ಮಾಡ್ರಿ. ನಾ ಕೇಳ್ತೇನಿ."

"ನಿನಗೇನ ತಿಳೀತೈತಿ ಇಂಜಿನ್?"

"ಐದ ಮಕ್ಕಳ ಎದಿಗೆ ಕಿವಿ ಇಟ್ಟೇನಿ," ಎಂದು ಗಟ್ಟಿಯಾಗಿ ಹೇಳಿದಳು. "ನೆಗಡಿ ಯಾವ್ದು, ದಮ್ಮು ಯಾವ್ದು, ಗೊತ್ತಾಗತೈತಿ. ಇದು ಎಲ್ಲಿಂದ ಉಸಿರಾಡತೈತಿ, ಮೊದ್ಲ ಅದನ್ನ ಹೇಳ್ರಿ."

ಅವನಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಆಕೆ ಒಮ್ಮೆಯೂ ಕೇಳಿರಲಿಲ್ಲ. "ಗಿರಣಿ ಇಂಜಿನ್ ಬಾಯಿಂದ ಉಸಿರಾಡತೈತಿ. ಈ ಟೂ ಸ್ಟ್ರೋಕಂದು ಹೊಟ್ಟಿಯಾಗ. ಪೆಟ್ರೋಲಿನ ಹವಾ ಮೊದ್ಲ ಕೆಳಗ ಹೊಟ್ಟಿಗೆ ಹೋಗಿ, ಆಮ್ಯಾಲ ಮ್ಯಾಲ ಬರತೈತಿ."

"ಕೂಸಿನ ಹಂಗ," ಎಂದಳು. "ಹಂಗಾರ ಹೊಟ್ಟಿಗೆ ತೂತು ಬಿದ್ದಿರಬೇಕು."

ಪ್ಲಗ್ಗು ಬದಲಿಸಿದ್ದ, ಕಾರ್ಬುರೇಟರ್ ಎರಡು ಸಲ ತೊಳೆದಿದ್ದ. ಇದನ್ನು ನೋಡಿರಲಿಲ್ಲ. ಗಾಳಿ ಸೋರುವ ಸದ್ದು ಅವನಿಗೆ ಕೇಳಿಸಿರಲಿಲ್ಲ.

ಒಂದು ಉಪಾಯ ಮಾಡಿದರು. ಇಂಜಿನ್ ಸಣ್ಣಗೆ ನಡೆಯುವಾಗ ಅವನು ಒಂದೊಂದು ಕೂಡಿಕೆಯ ಮೇಲೂ ಎಣ್ಣೆ ಹನಿಸುವುದು. ಎಣ್ಣೆ ತೂತು ಮುಚ್ಚಿದರೆ ಗಳಿಗೆಮಟ್ಟಿಗೆ ಸದ್ದು ಸರಿಹೋಗುತ್ತದೆ. ಆ ಗದ್ದಲದಲ್ಲಿ ಅವಳ ಮಾತು ಅವನಿಗೆ ಕೇಳುವಂತಿರಲಿಲ್ಲ. ಹಾಗಾಗಿ ಸದ್ದು ತೊದಲಿದಾಗ ಅವಳು ಬೆರಳು ಕುಣಿಸಬೇಕು, ಸಮ ಬಂದಾಗ ಅಂಗೈ ಚಪ್ಪಟೆ ಹಿಡಿಯಬೇಕು.

ಕಾರ್ಬುರೇಟರ್ ಬುಡಕ್ಕೆ ಹನಿಸಿದ. ಬೆರಳು ಕುಣಿದವು. ಎಡಕ್ಕೆ, ಬಲಕ್ಕೆ. ಕುಣಿಯುತ್ತಲೇ ಇದ್ದವು. ಸಿಲಿಂಡರು ಹೊಟ್ಟೆಯ ಮೇಲೆ ಕೂರುವ ಗೆರೆಯ ಹಿಂಬದಿಗೆ ಹನಿಸಿದ. ಜೈತುನಬಿಯ ಹುಬ್ಬೇರಿತು. ಅಂಗೈ ರೊಟ್ಟಿಯಂತೆ ಹರಡಿಕೊಂಡಿತು. ನಾಲ್ಕು ಉಸಿರಿನಷ್ಟು ಹೊತ್ತು. ಮತ್ತೆ ಬೆರಳು ಕುಣಿದವು.

ಬಿಚ್ಚಿದ. ಎರಡು ಕಬ್ಬಿಣದ ನಡುವೆ ಗಾಳಿ ನುಸುಳದಂತೆ ತಾನೇ ಕತ್ತರಿಸಿ ಇಟ್ಟಿದ್ದ ಕಾಗದದ ಪ್ಯಾಕಿಂಗು ಅಲ್ಲಿತ್ತು. ಜೈತುನಬಿ ಅದನ್ನು ಬೆಳಕಿಗೆ ಹಿಡಿದಳು. ಒಂದು ಬದಿಗೆ ಉದ್ದಕ್ಕೂ ಮಡಿಕೆ ಬಿದ್ದಿತ್ತು.

"ಇದು ಯಾವ ಕಾಗದರಿ?"

"ಡಾಕ್ಟರ ಮಗಳು ನಲಿನೀದು, ಲಗ್ನದ ಕಾರ್ಡು. ದಪ್ಪ ಇತ್ತಂತ..."

"ಮಡಿಕಿ ಮ್ಯಾಲ ಯಾಕ ಕತ್ತರಿಸಿದ್ರಿ? ನಡುವ ಅಷ್ಟ ಜಾಗ ಇತ್ತಲ್ಲ."

"ನಡುವ ಗಣಪ್ಪ ಇದ್ದ. ದೇವ್ರಿಗೆ ಕತ್ತರಿ ಹಾಕ್ಲಿ? ಅವ್ರ ದೇವ್ರಾದ್ರೇನು."

ಜೈತುನಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾರ್ಡಿನ ಉಳಿದ ಭಾಗ ಗೋಡೆಯ ಗೂಡಿನಲ್ಲಿತ್ತು. ಗಣಪ್ಪನಿಗೆ ಒಂದು ಹನಿ ಎಣ್ಣೆಯೂ ಹತ್ತಿರಲಿಲ್ಲ. ಅವನು ಅದರ ಇನ್ನೊಂದು ಮಗ್ಗುಲಿಗೆ ಕೈ ಹಾಕಿದ.

"ಬ್ಯಾಡ್ರಿ, ಅಲ್ಲಿ ಮದಿಮಕ್ಕಳ ಹೆಸರದಾವು," ಎಂದು ಕಸಿದುಕೊಂಡಳು. ಮಗಳು ಸಗೀರಾಳ ಹಳೆಯ ನಕಾಶೆ ಪುಸ್ತಕದ ರಟ್ಟು ತಂದುಕೊಟ್ಟಳು. ಅದಕ್ಕೆ ಮಡಿಕೆಯೂ ಇರಲಿಲ್ಲ, ದೇವರೂ ಇರಲಿಲ್ಲ.

ಹೊತ್ತು ಇಳಿಯುವಾಗ ಗುರುರಾಜರು ಬಂದರು. ಜೈತುನಬಿ ಬಾಗಿಲ ಮರೆಗೆ ಸರಿದಳು. ಮುರ್ತುಜಾಸಾಬ ಒಂದೇ ಒದೆತಕ್ಕೆ ಚಾಲೂ ಮಾಡಿ ಸಣ್ಣಗೆ ಇಳಿಸಿದ. ಡಾಕ್ಟರು ಬಗ್ಗಿ ಕೇಳಿದರು. ಆಮೇಲೆ ಬೆನ್ನು ತಿರುಗಿಸಿ, ಹ್ಯಾಂಡಲ್ಲಿಗೆ ಚೀಲ ಕಟ್ಟುತ್ತ, "ನಾಳೆ ದೇವಣಗಾಂವಕ್ಕ ಹೋಗ್ಲಿಕ್ಕೆ ಅಡ್ಡಿ ಇಲ್ಲಲ್ಲ, ಮಿಸ್ತ್ರಿ?" ಎಂದರು.

ಮುರ್ತುಜಾಸಾಬ ಸುಮ್ಮನೆ ನಿಂತಿದ್ದ.

ಚೀಲ ಕಟ್ಟುವ ಕೈ ನಿಂತಿತು.

"ದೇವಣಗಾಂವ ಯಾಕ್ರಿ ಸಾಹೇಬ್ರ, ಇಂಡೀತನಕ ಹೋಗ್ರಿ," ಎಂದಿತು ಬಾಗಿಲ ಮರೆಯ ದನಿ. "ಅವ್ರು ಇಂಜಿನ್ ಕೇಳೋವಾಗ ಯಾರ ಜೋಡಿನೂ ಮಾತಾಡಂಗಿಲ್ರಿ."

"ಹೌದಪ್ಪ!" ಎಂದು ಡಾಕ್ಟರು ನಕ್ಕರು. "ಅಂಥಾ ಕಿವಿ ವಿಜಾಪುರದಾಗೂ ಇಲ್ಲ." ಅವರೂ ಮಾತು ನಿಲ್ಲಿಸಿ, ತಲೆ ವಾಲಿಸಿ ಆಲಿಸತೊಡಗಿದರು.

ಇಂಜಿನ್ ನಡೆಯುತ್ತಿತ್ತು. ಮುರ್ತುಜಾಸಾಬ ಈ ಸಲ ಕಣ್ಣು ಮುಚ್ಚಿರಲಿಲ್ಲ. ಡಾಕ್ಟರ ಹೆಗಲಾಚೆ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲ ಸಂದಿಯಿಂದ ಹಿಟ್ಟು ಒಣಗಿದ ಒಂದು ಕೈ ಹೊರಬಂದಿತ್ತು. ಅಂಗೈ ಚಪ್ಪಟೆಯಾಗಿತ್ತು, ಬೆರಳುಗಳು ಅಲುಗುತ್ತಿರಲಿಲ್ಲ.