ಬೇರೆ ಸೋಪಿನ ವಾಸನೆ

"ಬಾಯಿಗೆ ಅಕ್ಕಿ ಹಾಕಮ್ಮ," ಎಂದು ಭಟ್ಟರು ಎರಡನೆಯ ಸಲ ಹೇಳಿದರೂ ಪದ್ಮ ಮುಷ್ಟಿ ಬಿಚ್ಚಲಿಲ್ಲ. ಅವಳ ಕಣ್ಣು ತೀರಿಹೋದ ಗಂಡ ಶೇಷಾದ್ರಿಯ ಮುಖದ ಮೇಲಿರಲಿಲ್ಲ. ಫ್ಯೂನರಲ್ ಹೋಮಿನ ಕಿಟಕಿಯಾಚೆ, ಪಾರ್ಕಿಂಗಿನ ಕೊನೆಯಲ್ಲಿ ಒದ್ದೆ ಕೂದಲಿನ ಬಿಳಿಯ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ನೀಲಿ ಅಂಗಿ. ಅದು ಶೇಷಾದ್ರಿಯದೇ, ಪದ್ಮ ತಾನೇ ಕೊಡಿಸಿದ್ದು.

"ಯಾರೇ ಅವಳು? ಒಳಗೆ ಯಾಕೆ ಬರ್ತಿಲ್ಲ?"

"ಐ ಡೋಂಟ್ ನೋ, ಅಮ್ಮ. ಪ್ಲೀಸ್, ನಾಟ್ ನೌ," ಎಂದಳು ಮಗಳು ಇಂಚರ.

*

ಡೆಟ್ರಾಯಿಟ್ ಸುತ್ತ ಮನೆಗೊಬ್ಬರಂತೆ ಕೆಲಸ ಕಳೆದುಕೊಂಡ ವರ್ಷ ಶೇಷಾದ್ರಿಯದೂ ಹೋಗಿತ್ತು. ಆಮೇಲೆ 'ಕನ್ಸಲ್ಟಿಂಗ್' ಎಂದು ಬೆಳಿಗ್ಗೆ ಕಾರು ತೆಗೆದರೆ ಬರುತ್ತಿದ್ದುದು ಸಂಜೆಗೆ. ಹೋಗುವಾಗ ಒಂದು ಅಂಗಿ, ಬರುವಾಗ ಇನ್ನೊಂದು. ಮೈಯಲ್ಲಿ ಬೇರೆ ಸೋಪಿನ ವಾಸನೆ. ಪದ್ಮ ಮೈಸೂರಿನಿಂದ ತಂದ ಗಂಧದ ಸೋಪು ಬಚ್ಚಲಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಸ್ನಾನ ಮಾಡಿಸಿ ಕಳಿಸುವ ಕನ್ಸಲ್ಟಿಂಗ್ ಯಾವುದಪ್ಪಾ?

ಒಂದು ದಿನ ಗರಾಜಿನಿಂದ ಅವನ ಫೋನಿನ ಮಾತು ಕಿವಿಗೆ ಬಿತ್ತು.

"ರಾಣಿಗೆ ವಯಸ್ಸಾಯ್ತು ಶಂಕರ್. ಇನ್ನು ಅವಳನ್ನ ಇಟ್ಕೊಂಡು ಪ್ರಯೋಜನ ಇಲ್ಲ. ಹೊಸಬಳನ್ನ ತಂದ್ಬಿಡೋಣ."

ಒಬ್ಬಳಲ್ಲ, ಇಬ್ಬರು! ಅಂದಿನಿಂದ ಪದ್ಮ ಮಗಳ ಕೋಣೆಯಲ್ಲಿ ಮಲಗತೊಡಗಿದಳು. ಕೇಳಲಿಲ್ಲ. ಕೇಳಿ, ಅವನು ಹೌದೆಂದುಬಿಟ್ಟರೆ ಎಂಬ ಭಯ. ಮೊನ್ನೆ ಎದೆನೋವು ಬಂದು ಅವನು ತೀರಿಕೊಂಡಾಗಲೂ ಆ ಪ್ರಶ್ನೆ ಹಾಗೇ ಉಳಿದಿತ್ತು.

*

ಶೇಷಾದ್ರಿಯ ಜೊತೆಗೇ ಕೆಲಸ ಕಳೆದುಕೊಂಡ ಧಾರವಾಡದ ಶಂಕರ್ ಹಿಂದೆಯೇ ನಿಂತಿದ್ದ. ಪದ್ಮ ತಿರುಗಿ ಕೇಳಿಯೇಬಿಟ್ಟಳು.

"ಇವಳು ಹಳೇ ರಾಣಿನೋ, ಹೊಸಬಳೋ?"

ಶಂಕರನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಸಣ್ಣದಾಯಿತು.

"ವೈನಿ, ರಾಣಿ ಅಂದ್ರ ಜೇನುಹುಳ ರೀ. ಪೆಟ್ಟಿಗಿಗೊಂದು ಇರ್ತದ. ವಯಸ್ಸಾದ್ರ ಬದಲಿ ಮಾಡಬೇಕಾಗ್ತದ."

"ಜೇನಾ?"

"ಆಕಿ ಡಾರ್ಲೀನ್. ಹಳ್ಳಿಯಾಕಿ. ಊರಾಗಿನ ಫ್ಯಾಕ್ಟರಿ ಮುಚ್ಚಿದ ಮ್ಯಾಲೆ ಉಣ್ಣಲಿಕ್ಕೆ ಗತಿ ಇರಲಿಲ್ಲ. ಆಕಿ ಹೊಲದಾಗ ಪೆಟ್ಟಿಗಿ ಇಟ್ಟು, ಜೇನು ಮಾರಿ ನಾವು ಮೂರೂ ಮಂದಿ ಹೊಟ್ಟಿ ಹೊರಕೊಂಡ್ವಿ. ಈಗ ಅಲ್ಲಿ ಅಕ್ಕಪಕ್ಕದವ್ರೂ ಹೊಟ್ಟಿಪಾಡಿಗೆ ಜೇನನ್ನ ನಂಬ್ಯಾರ."

"ನನಗ್ಯಾಕೆ ಹೇಳ್ಲಿಲ್ಲ?"

"ಲೆಮಾಂಟ್ ಊರಾಗಿನ ಗುಡಿಗೆ ಹೋದಾಗ ಒಂದು ಜೇನುಹುಳ ಕಡದು ನೀವು ಐಸಿಯು ಸೇರಿದ್ರಲ್ಲ. ಹೇಳಿದ್ರ ಈ ಕೆಲಸ ಬಿಡಸ್ತೀರಿ ಅಂತ ಶೇಷಾದ್ರಿ ಅಂಜಿದ್ರು. ಮನಿಗೆ ಹೊರಡೂ ಮುಂದ ಆಕಿ ಮನ್ಯಾಗ ಜಳಕಾ ಮಾಡಿ ಅಂಗಿ ಬದಲಿಸ್ತಿದ್ರು. ಆಕೀನೂ ಅದಕ್ಕ ಒಳಗ ಬರವಲ್ಲಳು. ಮೈಮ್ಯಾಲೆ ಎಲ್ಲರೆ ಒಂದು ಹುಳ ಉಳದಿದ್ರ ಅಂತ."

ಪದ್ಮ ಮುಷ್ಟಿ ಬಿಚ್ಚಿದಳು. ಅಕ್ಕಿಕಾಳು ಬೆವರಿಗೆ ಅಂಗೈಗೆ ಅಂಟಿದ್ದವು. ಬಿಡಿಸಿ ಬಿಡಿಸಿ ಗಂಡನ ಬಾಯಿಗೆ ಹಾಕಿದಳು.

"ಒಂದು ಮಾತು ಹೇಳ್ಬಾರ್ದಿತ್ತಾ ರೀ," ಎಂದು ಅತ್ತಳು. ಆಮೇಲೆ ಯಾರಿಗೂ ಹೇಳದೆ ಹೊರಗೆ ನಡೆದಳು.

ಅವಳು ಬರುವುದನ್ನು ಕಂಡು ಡಾರ್ಲೀನ್ ಗಾಬರಿಯಾದಳು. ಅಂಗಿಯ ಚೀಲವನ್ನು ನೆಲದ ಮೇಲಿಟ್ಟು, ತಲೆಯನ್ನೂ ತೋಳನ್ನೂ ಕೊಡವಿಕೊಳ್ಳುತ್ತ ಹಿಂದೆ ಹಿಂದೆ ಸರಿದಳು. ಪದ್ಮ ಅಂಗಿ ಎತ್ತಿಕೊಂಡು ಮತ್ತೂ ಮುಂದಕ್ಕೆ ಹೋದಳು, ಆ ಸೋಪಿನ ವಾಸನೆ ಬರುವಷ್ಟು ಹತ್ತಿರಕ್ಕೆ.