ಭರಣಿಯಲ್ಲಿ ಸಿಕ್ಕ ಮುಳ್ಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಇರಲಿ. ಆ ಹಾಳು ಜ್ವರ ಬಂದು ಹೋದ ಮೇಲೆ ನನ್ನ ಮೂಗಿನಲ್ಲಿ ಉಳಿದದ್ದು ಅದೊಂದೇ. ಬೆಳ್ಳುಳ್ಳಿ ಸೀದರೂ ಗೊತ್ತಾಗುವುದಿಲ್ಲ, ಹಾಲು ಒಡೆದರೂ ವಾಸನೆ ಹತ್ತುವುದಿಲ್ಲ. ಇದನ್ನು ನಾನು ಬಚ್ಚಿಡಲಿಲ್ಲ. ಮೀನಿನ ಉಪ್ಪಿನಕಾಯಿ ಹಾಕಿದ ದಿನವೇ ಗಂಡ, ಮಗ, ಸೊಸೆ ಮೂವರನ್ನೂ ಅಡುಗೆಮನೆಗೆ ಕರೆದು, ಕೆಟ್ಟಿದ್ದರೆ ಬಾಯಿ ಬಿಟ್ಟು ಹೇಳಿ ಎಂದಿದ್ದೆ. ನಮ್ಮವರು ಬೆರಳಿಗೆ ಮಸಾಲೆ ಹಚ್ಚಿ ಚೀಪಿ, ನಿನ್ನ ಕೈಗುಣ ಎಲ್ಲಿಗೆ ಹೋಗುತ್ತದೆ ಎಂದರು. ಮಗ ತಲೆಯಾಡಿಸಿದ. ನಾನು ಉಬ್ಬಿಹೋದೆ.

ಉಪ್ಪಿನಕಾಯಿಗೆ ನನ್ನದೇ ಒಂದು ಕ್ರಮವಿದೆ. ಮೀನಿಗೆ ಉಪ್ಪು, ಅರಿಶಿನ ಹಚ್ಚಿ ನೀರು ಬಸಿಯಲು ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಕೂತು ಮುಳ್ಳು ಕೀಳುತ್ತೇನೆ. ನಡುಮುಳ್ಳನ್ನು ಯಾರಾದರೂ ತೆಗೆದಾರು. ನಾನು ಬೆರಳಿನಲ್ಲಿ ತಡವಿ ಕೂದಲಿನಂಥ ಮುಳ್ಳನ್ನೂ ಚಿಮಟದಿಂದ ಎಳೆಯುತ್ತೇನೆ. ಆಮೇಲೆಯೇ ಹುರಿಯುವುದು, ಖಾರ ಬೆರೆಸುವುದು, ಕುದಿಸಿ ಆರಿಸಿದ ವಿನೆಗರ್ ಸುರಿದು ಭರಣಿಯ ಬಾಯಿ ಕಟ್ಟುವುದು. ಆದರೆ ಈಗ ನನ್ನ ನಾಲಿಗೆಗೆ ಅದು ಬರೀ ಉಪ್ಪು, ಹುಳಿ. ತಿನ್ನುವುದನ್ನೇ ಬಿಟ್ಟಿದ್ದೆ. ಬಡಿಸುವ ಕೆಲಸವನ್ನು ನಮ್ಮವರೇ ವಹಿಸಿಕೊಂಡರು, ಭರಣಿ ಅಟ್ಟ ಸೇರಿತು. ನೀನು ಸ್ಟೂಲ್ ಹತ್ತಬೇಡ, ಬಿದ್ದೀಯ ಎಂಬ ಅಕ್ಕರೆ ಬೇರೆ.

ಅದೇ ಸಮಯಕ್ಕೆ ಮೊಮ್ಮಗಳಿಗೆ ವಾಂತಿ ಶುರುವಾಗಿತ್ತು. ಬೀದಿಯ ಐಸ್‌ಕ್ರೀಮ್ ತಿಂದದ್ದಕ್ಕೇ ಹೀಗಾಯಿತೆಂದು ಮಗ ಹೇಳಿದ. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಗಾಡಿಯವನನ್ನು ತರಾಟೆಗೆ ತೆಗೆದುಕೊಂಡೆ. ಜನ ಸೇರಿದರು. ತನ್ನ ಮಕ್ಕಳೂ ಅದನ್ನೇ ತಿನ್ನುತ್ತವೆ ಎಂದು ಅವನು ಅಂಗಲಾಚಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಅವನ ಗಂಟೆ ಪಕ್ಕದ ಬೀದಿಯಲ್ಲಿ ಕೇಳಿಸುತ್ತದೆ, ಗಾಡಿ ನಮ್ಮ ಕಡೆ ತಿರುಗುವುದಿಲ್ಲ.

ಇವತ್ತು ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ನೆಂಚಿಕೊಳ್ಳಲು ಏನೂ ಇಲ್ಲವೆಂದು ಸ್ಟೂಲ್ ಹತ್ತಿ ಭರಣಿ ಇಳಿಸಿ, ಒಂದು ಹೋಳು ಬಾಯಿಗಿಟ್ಟೆ. ಒಸಡಿಗೆ ಮುಳ್ಳು ಚುಚ್ಚಿತು. ಇನ್ನೊಂದು ಬಿಡಿಸಿದೆ, ಅದರಲ್ಲೂ ಮುಳ್ಳು. ಭರಣಿಯನ್ನೇ ತಟ್ಟೆಗೆ ಬಗ್ಗಿಸಿದೆ. ಎಲ್ಲ ಹೋಳೂ ಒಂದೇ ಅಳತೆಯವು, ಅಂಗಡಿ ಮಾಲು. ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನೇ ಬಡಿಸಿದೆ. ನಮ್ಮವರು ಬಾಯಿ ಚಪ್ಪರಿಸಿ ನನ್ನ ಕೈರುಚಿಯನ್ನು ಹೊಗಳಿದರು. ಆರಿಸಿಟ್ಟಿದ್ದ ಮುಳ್ಳನ್ನೆಲ್ಲ ಅವರ ತಟ್ಟೆಯ ಅಂಚಿಗೆ ಸುರಿದೆ.

"ಇದು ಯಾರ ಕೈರುಚಿ?"

ಅವರ ಕೈ ಅಲ್ಲೇ ನಿಂತಿತು. ನಿನಗೆ ಬೇಜಾರಾಗಬಾರದು ಅಂತ... ಎಂದು ಮಗ ತಡವರಿಸಿದ.

"ನಾನೇ ಕೇಳಿದ್ನಲ್ಲ? ಇನ್ನೇನು, ನಿಮ್ಮ ಕಾಲು ಹಿಡೀಬೇಕಿತ್ತಾ?"

ಸೊಸೆ ತಲೆಯೆತ್ತಿದಳು. "ಮೀನೇ ಕೆಟ್ಟಿತ್ತು ಅತ್ತೆ. ಹೇಳೋಣ ಅಂದ್ರೆ ಇವರಿಬ್ರೂ ಬಿಡಲಿಲ್ಲ. ಅಷ್ಟರಲ್ಲಿ ನೀವು ಮಗುಗೆ ತಿನ್ನಿಸಿಬಿಟ್ಟಿದ್ರಿ. ವಾಂತಿ ಆಗಿದ್ದು ಅದಕ್ಕೇ. ಆಮೇಲೆ ಅದನ್ನ ಚೆಲ್ಲಿ ಅಂಗಡೀದು ತುಂಬಿಸಿದ್ವಿ."

ಮುಳ್ಳು ಬಿಡಿಸಿದ ಇದೇ ಕೈಯಿಂದ ಮಗುವಿಗೆ ತುತ್ತಿಟ್ಟಿದ್ದೆ. ಗಾಡಿಯವನ ಮುಖ ಕಣ್ಣಿಗೆ ಕಟ್ಟಿತು. ಉಪ್ಪಿನಕಾಯಿ ಚೆಲ್ಲಿದ್ದಕ್ಕೆ ನನಗೆ ಸಿಟ್ಟಿಲ್ಲ, ಚೆಲ್ಲಲೇಬೇಕಿತ್ತು. ನನ್ನನ್ನು ಗೊಂಬೆಯ ಹಾಗೆ ಕೂರಿಸಿ, ಯಾವ ತಪ್ಪೂ ಮಾಡದವನ ಮೇಲೆ ಛೂ ಬಿಟ್ಟರಲ್ಲ, ಅದಕ್ಕೆ ಸಿಟ್ಟು.

ತಟ್ಟೆಗಳನ್ನು ಸರಕ್ಕನೆ ಎಳೆದುಕೊಂಡೆ, ಉಪ್ಪಿನಕಾಯಿ ಮೈಮೇಲೆ ತುಳುಕಿತು. ಊಟ ಮುಗಿದಿಲ್ಲ ಎಂದ ಮಗ, ಮುಗಿಯಿತು ಎಂದೆ. ಅಪ್ಪ ಮಗ ಇಬ್ಬರೂ ಈಗಲೇ ಬಂದು, ನಾನು ಕಿರುಚಾಡಿದ ಜಾಗಕ್ಕೇ ಗಾಡಿಯವನನ್ನು ಕರೆಸಿ, ನಾನು ಕೂಗಿದಷ್ಟೇ ಗಟ್ಟಿಯಾಗಿ ನಿಜ ಹೇಳಬೇಕು, ನನ್ನ ಪಾಲಿನ ಕ್ಷಮೆ ನಾನು ಕೇಳುತ್ತೇನೆ ಎಂದೆ. ಹೊರಗೆ ಬಿಸಿಲು ಎಂದರು ನಮ್ಮವರು. ನನ್ನ ಮುಖ ನೋಡಿ ಚಪ್ಪಲಿ ಹುಡುಕತೊಡಗಿದರು.

ಸೊಸೆಯ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ಇಷ್ಟು ದಿನ ಅವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದವಳೇ.

"ನೀನೂ ಬಾ. ಬರ್ತಾ ಮೀನು ತರೋಣ. ಮುಳ್ಳು ತೆಗೆಯೋದು ನಾನು, ಮೂಸೋದು ನೀನು. ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದ್ಯೋ, ನೋಡು."

ಅವಳು ನನ್ನ ಹತ್ತಿರ ಬಂದು ನಿಂತು, ಮೂಗು ಸಿಂಡರಿಸಿದಳು.

"ಹಾಗಾದ್ರೆ ಮೊದಲು ಬಟ್ಟೆ ಬದಲಾಯಿಸಿ ಅತ್ತೆ. ಮೈಮೇಲೆಲ್ಲ ಉಪ್ಪಿನಕಾಯಿ ಚೆಲ್ಕೊಂಡಿದ್ದೀರ, ನಾರ್ತಿದೆ."

ನಾನು ಒಳಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದೆ.